ಒಂದೂವರೆ ಪುಟದ ಮಾತು

ಆ ಮಾತು ಸಿನಿಮಾಕ್ಕೆ ಬೇಡ ಎಂದು ನಿರ್ದೇಶಕಿ ಹೇಳಿದ ದಿನ ನಾನು ಅವಳ ಮೇಲೆ ಹರಿಹಾಯ್ದೆ. ತುಮಕೂರಿನ ಮರಳೂರು ಬಡಾವಣೆಯ ನಮ್ಮ ಮನೆಯ ಹಾಲಿನಲ್ಲಿ ಕೂತು, ನಾನೇ ಮಾಡಿಕೊಟ್ಟ ಕಾಫಿ ಕುಡಿಯುತ್ತಾ, ಸಾರಿಗೆ ಚೂರು ಉಪ್ಪು ಜಾಸ್ತಿಯಾಯಿತು ಎನ್ನುವಷ್ಟು ಸಲೀಸಾಗಿ ಅಂದುಬಿಟ್ಟಳು.

"ಮೇಡಂ, ಪಂಚಾಯ್ತಿ ಸೀನಲ್ಲಿ ನಿಮ್ದೊಂದು ದೊಡ್ಡ ಸ್ಪೀಚ್ ಇದ್ಯಲ್ಲ, ಅದು ಬೇಡ ಅನ್ಸತ್ತೆ."

"ಬೇಡ ಅಂದ್ರೆ?"

"ತೆಗೆದುಬಿಡೋಣ. ನೀವು ಬಾಯಲ್ಲಿ ಹೇಳೋದನ್ನೆಲ್ಲ ನಾನು ತೋರಿಸ್ಬೋದು."

"ತೋರಿಸ್ಕೋ. ಬೇರೆ ಯಾರನ್ನಾದ್ರೂ ಹಾಕ್ಕೊಂಡು ತೋರಿಸ್ಕೋ. ಮಾತಿಲ್ಲ ಅಂದ್ರೆ ನಾನೂ ಇಲ್ಲ," ಎಂದು ಅವಳ ಮುಂದಿದ್ದ ಚಕ್ಕುಲಿ ತಟ್ಟೆಯನ್ನು ಎತ್ತಿಕೊಂಡು ಸೀದಾ ಅಡುಗೆಮನೆಗೆ ಹೋದೆ. ಸಿಟ್ಟು ಮಾಡಿಕೊಂಡಿದ್ದು ಸರಿ, ತಟ್ಟೆ ಎತ್ತಿಕೊಂಡು ಹೋಗಿದ್ದು ತಪ್ಪು. ಅದನ್ನು ನನ್ನ ಗಂಡ ಇವತ್ತಿಗೂ ಮನೆಗೆ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ.

ನನಗೆ ಐವತ್ಮೂರು. ಹುಟ್ಟಿದ್ದು ಗುಬ್ಬಿ, ಮದುವೆಯಾಗಿ ಸೇರಿದ್ದು ತುಮಕೂರು. ಅಲ್ಲೇ ಪಕ್ಕದ ಸತ್ಯಮಂಗಲದಲ್ಲಿ ಪಂಪಿನ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಬೇರಿಂಗು ಕೊಡಿ ವಾಷರು ಕೊಡಿ ಎಂದು ಬರುವವರಿಗೆ ಬೈದುಕೊಂಡೇ ಎಲ್ಲ ಕೊಟ್ಟು ಕಳಿಸುತ್ತೇನೆ. ಸಂಜೆ ಆರರ ಮೇಲೆ ನಾಟಕ. ನಮ್ಮ ತಂಡದಲ್ಲಿರುವವರೆಲ್ಲ ನನ್ನಂಥವರೇ. ಹೈಸ್ಕೂಲು ಮೇಷ್ಟ್ರು, ಕಂಡಕ್ಟರು, ಹೂವಿನಂಗಡಿಯವರು. ಹನ್ನೊಂದು ವರ್ಷದಿಂದ ಒಂದೇ ನಾಟಕವನ್ನು ಗುಬ್ಬಿ, ತುಮಕೂರು, ಕುಣಿಗಲ್ ಅಂತ ಕರೆದ ಕಡೆಯಲ್ಲೆಲ್ಲ ಆಡಿಕೊಂಡು ಬಂದಿದ್ದೇವೆ.

ನಾಟಕದ ಕಥೆ ಸುಲಭ. ಒಂದೂರಿನಲ್ಲಿ ಕಾಲುವೆಯ ನೀರು ಬಿಡುವ ಕೆಲಸ ಒಬ್ಬ ನೀರುಗಂಟಿಯದು. ತೂಬಿನ ಚಕ್ರ ಅವನ ಕೈಲಿ. ಮೇಲಿನ ಗದ್ದೆಯವರಿಗೆ ನೀರು ಧಾರಾಳ, ಕಾಲುವೆಯ ಕೊನೆಯಲ್ಲಿರುವ ಬಡವರ ಗದ್ದೆಗೆ ಹನಿಯಿಲ್ಲ. ಒಂದು ದಿನ ಯಾರೋ ತೂಬು ತಿರುಗಿಸಿ ಕೊನೆಯವರಿಗೆ ನೀರು ಬಿಟ್ಟುಬಿಡುತ್ತಾರೆ. ಪಂಚಾಯ್ತಿ ಸೇರುತ್ತದೆ. ನೀರುಗಂಟಿಯನ್ನೇ ಕಳ್ಳ ಅನ್ನುತ್ತಾರೆ, ಊರು ಬಿಡಿಸುತ್ತೇವೆ ಅನ್ನುತ್ತಾರೆ. ಆಗ ಅವನ ಹೆಂಡತಿ ಮುಂದೆ ಬಂದು, ತೂಬು ತೆಗೆದವಳು ನಾನು ಎಂದು ಒಪ್ಪಿಕೊಂಡು ಇಡೀ ಪಂಚಾಯ್ತಿಯ ನೀರಿಳಿಸುತ್ತಾಳೆ. ಆ ಹೆಂಡತಿ ನಾನು. ಆ ನೀರಿಳಿಸುವ ಮಾತೇ ಒಂದೂವರೆ ಪುಟ.

ಮೊದಲು ಅದು ಅರ್ಧ ಪುಟವೂ ಇರಲಿಲ್ಲ. ನಾಟಕ ಬರೆದ ಮೇಷ್ಟ್ರು ಚುಟುಕಾಗಿ ಬರೆದಿದ್ದರು. ಆದರೆ ನಮ್ಮ ಕಡೆಯ ಸ್ಟೇಜಿನಲ್ಲಿ ಮಾತು ಹೇಗೆ ಬೆಳೆಯುತ್ತದೆ ಅಂದರೆ, ಎಲ್ಲಿ ಚಪ್ಪಾಳೆ ಬಿತ್ತೋ ಅಲ್ಲಿ ಮುಂದಿನ ಸಲಕ್ಕೆ ಇನ್ನೊಂದು ಸಾಲು ಸೇರುತ್ತದೆ. ಆ ಸಾಲಿಗೂ ಬಿತ್ತು ಅಂದರೆ ಇನ್ನೊಂದು. ಹಾಗೆ ಸೇರಿಸಿದ್ದರಲ್ಲಿ ಹೆಚ್ಚಿನವು ನನ್ನ ಅಕ್ಕ ಹೇಳಿದ ಸಾಲುಗಳು.

ಅಕ್ಕ ಗುಬ್ಬಿಯಲ್ಲೇ ಇದ್ದಾಳೆ, ರವಿಕೆ ಹೊಲಿಯುತ್ತಾಳೆ. ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಸ್ಟೇಜು ಹತ್ತಿದರೆ ಅವಳ ಕಾಲು ನಡುಗುತ್ತದೆ, ಬಾಯಿ ಒಣಗುತ್ತದೆ. ಆದರೆ ಮಿಷನ್ ತುಳಿಯುತ್ತಾ ಕೂತರೆ ಅವಳ ಬಾಯಲ್ಲಿ ಬರುವ ಮಾತು ನಮ್ಮ ಮೇಷ್ಟ್ರಿಗೂ ಬರುವುದಿಲ್ಲ. "ನೀರಿಗೆ ಮೇಲು ಕೀಳು ಕಲಿಸಿದವರು ಯಾರು? ಅದು ತಾನಾಗಿ ತಗ್ಗಿಗೆ ಹರಿಯುತ್ತದೆ, ತಡೆದು ನಿಲ್ಲಿಸಿದವರು ನೀವು" ಎಂಬುದು ಅವಳು ಕಾಜಾ ಹಾಕುತ್ತಾ ಹೇಳಿದ್ದು. ಅದನ್ನು ನಾನು ಸ್ಟೇಜಿನಲ್ಲಿ ಹೇಳಿದ ದಿನ ಕುಣಿಗಲ್ಲಿನಲ್ಲಿ ಜನ ಎದ್ದು ನಿಂತಿದ್ದರು. ಗುಬ್ಬಿಯಲ್ಲಿ ನಾಟಕವಿದ್ದರೆ ಅಕ್ಕ ಮುಂದಿನ ಸಾಲಿನಲ್ಲಿ ಕೂತು ನನ್ನ ಜೊತೆ ತುಟಿಯಾಡಿಸುತ್ತಾ ಪೂರ್ತಿ ಹೇಳಿಕೊಳ್ಳುತ್ತಾಳೆ. ಒಂದು ಪದ ಹಾರಿಸಿದರೂ ಮುಗಿಯಿತು, ಮನೆಗೆ ಹೋದ ಮೇಲೆ ಊಟ ಬಡಿಸುವಾಗ ಮಂಗಳಾರತಿ.

ಇದರ ನಡುವೆ ನನ್ನ ಗಂಟಲು ಕೈಕೊಟ್ಟಿತು. ಎರಡು ವರ್ಷದಿಂದ ಪ್ರತಿ ಪ್ರದರ್ಶನದ ಮಾರನೇ ದಿನ ಸ್ವರ ಹೋಗುತ್ತಿತ್ತು. ಡಾಕ್ಟರು ನೋಡಿ, ಗಂಟಲಲ್ಲಿ ಸಣ್ಣ ಗಂಟು ಇದೆ, ಹೆದರುವಂಥದ್ದಲ್ಲ, ಆದರೆ ಹೀಗೇ ಕೂಗಿಕೊಳ್ಳುತ್ತಿದ್ದರೆ ಮಾತಾಡುವುದಕ್ಕೂ ಸ್ವರ ಉಳಿಯಲ್ಲ ಎಂದರು. ಇನ್ನೊಂದು ವರ್ಷ ಆಡಿ ನಿಲ್ಲಿಸಿಬಿಡುವುದು ಎಂದು ಮನೆಯಲ್ಲಿ ಮಾತಾಯಿತು. ಅಕ್ಕನಿಗೆ ಹೇಳಿದಾಗ ಅವಳು, ಹಾಗಾದರೆ ಆ ಮಾತೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು.

ಈ ನಿರ್ದೇಶಕಿ ಹುಡುಗಿ ಕುಣಿಗಲ್ಲಿನಲ್ಲಿ ನಮ್ಮ ನಾಟಕ ನೋಡಿ, ಇದನ್ನು ಸಿನಿಮಾ ಮಾಡುತ್ತೇನೆ ಎಂದು ಬಂದದ್ದು ಅದೇ ತಿಂಗಳು. ಅವಳು ಸಿನಿಮಾ ಓದಿ ಬಂದವಳು, ನಾಲ್ಕಾರು ಸಣ್ಣ ಚಿತ್ರ ಮಾಡಿದ್ದಳು. ನಾನು ಅಕ್ಕನಿಗೆ ಫೋನ್ ಮಾಡಿ ಹೇಳಿದ್ದೇ ತಡ, ಸಂಜೆಯೊಳಗೆ ಅವಳ ಬೀದಿಗೆಲ್ಲ ಸುದ್ದಿಯಾಗಿತ್ತು.

"ಇನ್ನು ನಿನ್ನ ಗಂಟ್ಲು ಹೋದ್ರೂ ಚಿಂತೆ ಇಲ್ಲ ಕಣೆ," ಎಂದಳು. "ಮಾತು ಉಳ್ಕೊಳತ್ತೆ. ನಾವಿಬ್ರೂ ಹೋದ್ಮೇಲೂ ಇರತ್ತೆ."

ಈಗ ಹೇಳಿ, ಆ ಹುಡುಗಿ ಬಂದು ಮಾತು ಬೇಡ ಅಂದರೆ ನನ್ನ ಮೈ ಉರಿಯದೆ ಇನ್ನೇನಾದೀತು?

ನನ್ನ ಗಂಡ ನಡುವೆ ಬಂದು ರಾಜಿ ಮಾಡಿಸಿದರು. ಒಂದೂವರೆ ಪುಟವನ್ನೂ ಪೂರ್ತಿ ಚಿತ್ರೀಕರಿಸುವುದು. ಎಡಿಟಿಂಗಿನಲ್ಲಿ ಮಾತಿರುವುದೊಂದು, ಮಾತಿಲ್ಲದ್ದೊಂದು, ಎರಡನ್ನೂ ಜೋಡಿಸಿ ನನಗೆ ತೋರಿಸುವುದು. ನೋಡಿದ ಮೇಲೂ ಮಾತು ಬೇಕು ಎಂದು ನಾನು ಹೇಳಿದರೆ ಇಡುವುದು. ಹುಡುಗಿ ತಕ್ಷಣ ಒಪ್ಪಿದಳು. ಗೆದ್ದೆ ಎಂದುಕೊಂಡು ನಾನು ಚಕ್ಕುಲಿ ತಟ್ಟೆಯನ್ನು ವಾಪಸ್ಸು ತಂದಿಟ್ಟೆ.

ಚಿತ್ರೀಕರಣ ಮಾರ್ಕೋನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಹತ್ತು ದಿನ ರಜೆ ಹಾಕಿದ್ದೆ. ಮೊದಲ ದಿನ ಬೆಳಿಗ್ಗೆ ಕಾಲುವೆಯ ಏರಿ ಮೇಲೆ ನಿಂತಾಗ ನನಗೆ ನಗು ತಡೆಯಲಾಗಲಿಲ್ಲ. ಹನ್ನೊಂದು ವರ್ಷ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಕಾಲುವೆ ಎಂದು ನಂಬಿಸಿದವಳು ನಾನು. ಇಲ್ಲಿ ನಿಜವಾದ ನೀರು ಕಾಲ ಬುಡದಲ್ಲಿ ಜುಳುಗುಟ್ಟುತ್ತಿತ್ತು, ಆಚೆ ದಡದಲ್ಲಿ ಒಬ್ಬರು ಎಮ್ಮೆ ತೊಳೆಯುತ್ತಿದ್ದರು. ಇದೆಲ್ಲ ನಮ್ಮ ನಾಟಕಕ್ಕಾ ಎಂದು ಸಡಗರವೋ ಸಡಗರ. 

ಆ ಸಡಗರ ಅರ್ಧ ಗಂಟೆಯಲ್ಲಿ ಇಳಿಯಿತು. ಮೊದಲ ಶಾಟಿನಲ್ಲೇ ಹುಡುಗಿ ಬಂದು, "ಮೇಡಂ, ಕ್ಯಾಮರಾಕ್ಕೆ ಬೆನ್ನು ಹಾಕಿ ನಡೀರಿ," ಎಂದಳು.

ಬೆನ್ನು. ಸ್ಟೇಜಿನಲ್ಲಿ ಪ್ರೇಕ್ಷಕರಿಗೆ ಬೆನ್ನು ತೋರಿಸಿದರೆ ಹಿಂದೆಲ್ಲ ಒಳಗೆ ಹೋದ ಮೇಲೆ ಏಟು ಬೀಳುತ್ತಿತ್ತಂತೆ. ಸಾಯುವ ಪಾತ್ರವಾದರೂ ಮುಖ ಜನರ ಕಡೆ ಇಟ್ಟುಕೊಂಡೇ ಸಾಯಬೇಕು. ನಾನು ಬೆನ್ನು ಹಾಕಿ ನಾಲ್ಕು ಹೆಜ್ಜೆ ನಡೆಯುತ್ತೇನೆ, ಐದನೆಯದಕ್ಕೆ ಕುತ್ತಿಗೆ ತಾನಾಗಿ ತಿರುಗುತ್ತದೆ. ಏಳು ಸಲ ಹಾಗೇ ಆಯಿತು. ಎಂಟನೇ ಸಲಕ್ಕೆ ಆ ಹುಡುಗಿ ಏರಿಯ ಆ ಕೊನೆಯಲ್ಲಿ, ನನ್ನ ಜೊತೆ ಬಂದಿದ್ದ ಗಂಡನನ್ನು ನಿಲ್ಲಿಸಿ, ಅವರ ಕೈಗೆ ನನ್ನ ಮೊಬೈಲು ಕೊಟ್ಟಳು. "ನಿಮ್ ಯಜಮಾನ್ರು ನಿಮ್ ಫೋನ್ ನೋಡ್ತಾವ್ರೆ, ಹೋಗಿ ಇಸ್ಕೊಳಿ," ಎಂದಳು. ನಾನು ಹಿಂತಿರುಗದೆ ದಾಪುಗಾಲು ಹಾಕಿದೆ.

ಆಮೇಲೆ ಆ ಶಾಟನ್ನು ಸಣ್ಣ ಪರದೆಯಲ್ಲಿ ತೋರಿಸಿದಳು. ನೋಡುತ್ತೇನೆ, ಒಬ್ಬ ಹೆಂಗಸು ಯಾರಿಗೂ ಮುಖ ಕೊಡದೆ ತೂಬಿನ ಕಡೆ ಹೋಗುತ್ತಿದ್ದಾಳೆ. ಸೆರಗು ಸೊಂಟಕ್ಕೆ ಬಿಗಿದಿದೆ. ಏನು ಮಾಡಲು ಹೊರಟಿದ್ದಾಳೋ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಎದೆ ಹೊಡೆದುಕೊಳ್ಳುತ್ತದೆ. ನನ್ನ ಬೆನ್ನಿಗೆ ಅಷ್ಟು ಸಿಟ್ಟಿದೆ ಎಂದು ಐವತ್ಮೂರು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದಾಚೆ ನನಗೆ ಹುಚ್ಚು ಹಿಡಿಯಿತು ಅಂತಲೇ ಇಟ್ಟುಕೊಳ್ಳಿ. ನನ್ನ ಕೆಲಸವಿಲ್ಲದ ಹೊತ್ತಿನಲ್ಲೂ ಕ್ಯಾಮರಾದ ಪಕ್ಕ ಹೋಗಿ ನಿಲ್ಲುತ್ತಿದ್ದೆ. ನೀರುಗಂಟಿಯ ಪಾತ್ರದ ಕಂಡಕ್ಟರು ಅನ್ನ ಕಲಸಿ ತಿನ್ನದೆ ಕೂರುವುದನ್ನು ಹುಡುಗಿ ತಟ್ಟೆಯ ಮಟ್ಟಕ್ಕೆ ಕ್ಯಾಮರಾ ಇಳಿಸಿ ತೆಗೆದಳು. ಸ್ಟೇಜಿನಲ್ಲಿ ಅದಕ್ಕೆ ಅವರು "ಅಯ್ಯೋ, ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ" ಎಂದು ಮೂರು ಸಾಲು ಹೇಳುತ್ತಿದ್ದರು. ಊರಿನವರು ನೀರುಗಂಟಿಯನ್ನು ಬೈಯುವ ಜಾಗದಲ್ಲಿ ಬೈಯುವವರನ್ನು ತೋರಿಸಲೇ ಇಲ್ಲ. ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿರುವ ನನ್ನ ಬೆರಳುಗಳನ್ನಷ್ಟೇ ತೋರಿಸಿ, ಬೈಗುಳವನ್ನು ಗೋಡೆಯಾಚೆಯಿಂದ ಕೇಳಿಸಿದಳು. ಕಣ್ಣಿಗೆ ಕಾಣದ ಆ ಜನ ಸ್ಟೇಜಿನ ಮೇಲೆ ನಿಲ್ಲುತ್ತಿದ್ದ ಆರು ಮಂದಿಗಿಂತ ಹೆಚ್ಚು ಭಯ ಹುಟ್ಟಿಸಿದರು.

ದನಿಯದೂ ಅದೇ ಕಥೆ. ನಾನು ಬಾಯಿ ತೆಗೆದರೆ ಕೊನೆಯ ಸಾಲಿಗೆ ಮುಟ್ಟಿಸಿಯೇ ಅಭ್ಯಾಸ. ರವಿಕೆಯೊಳಗೆ ಸಿಕ್ಕಿಸಿದ್ದ ಮೈಕಿನಿಂದ ಧ್ವನಿ ಹಿಡಿಯುವವರು ಮೊದಲ ದಿನ ಹೆಡ್‌ಫೋನ್ ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಐದನೇ ದಿನಕ್ಕೆ ನಾನು ಉಸಿರಿನಲ್ಲೇ ಮಾತಾಡುವುದು ಕಲಿತೆ. ಗಂಟಲು ನೋಯಲಿಲ್ಲ. ಡಾಕ್ಟರು ಬೇಡವೆಂದಿದ್ದು ಕೂಗುವುದನ್ನು, ನಟಿಸುವುದನ್ನಲ್ಲ ಎಂದು ಹೊಳೆದ ಸಂಜೆ ಕಾಲುವೆ ದಂಡೆಯಲ್ಲಿ ಕೂತು ಒಬ್ಬಳೇ ಅತ್ತೆ. ಖುಷಿಗೆ ಅತ್ತಿದ್ದು.

ಎಂಟನೇ ದಿನ ಪಂಚಾಯ್ತಿಯ ದೃಶ್ಯ. ಅರಳಿಕಟ್ಟೆಯ ಮೇಲೆ ಆ ಊರಿನ ರೈತರನ್ನೇ ಪಂಚರನ್ನಾಗಿ ಕೂರಿಸಿದ್ದಳು. ಅವರಿಗೆ ನಟನೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಹಿಂದಿನ ವಾರವಷ್ಟೇ ನೀರಿನ ಸರದಿಗೆ ತಮ್ಮತಮ್ಮಲ್ಲೇ ಜಗಳವಾಡಿದ್ದ ಮುಖಗಳು. ಶುರುವಿಗೆ ಮೊದಲು ಹುಡುಗಿ ತೂಬಿನ ಚಕ್ರದ ಕಪ್ಪು ಗ್ರೀಸನ್ನು ತಂದು ನನ್ನ ಅಂಗೈಗೆ ಸವರಿದಳು.

"ಇದ್ಯಾಕೆ?"

"ತೂಬು ತಿರುಗ್ಸಿದ ಕೈ ಅಲ್ವಾ ಮೇಡಂ. ತೊಳೆದ್ರೂ ಹೋಗಿಲ್ಲ. ಸ್ಟೇಜಲ್ಲಿ ಇದು ಯಾರಿಗೂ ಕಾಣಲ್ಲ, ಅದಕ್ಕೇ ನೀವು ಹೇಳ್ಬೇಕು. ನನ್ ಕ್ಯಾಮರಾ ನಿಮ್ ಕೈ ಪಕ್ಕದಲ್ಲೇ ಕೂತಿರತ್ತೆ."

"ಮಾತು ಪೂರ್ತಿ ತೆಗೀತೀಯ ತಾನೆ?"

"ಪೂರ್ತಿ ಹೇಳಿ. ನಾನು ನಿಲ್ಸಲ್ಲ."

ನಿಲ್ಲಿಸಲಿಲ್ಲ. ನಾನು ಹೇಳಿದೆ. ಉಸಿರಿನ ಮಾತು, ಸಣ್ಣ ದನಿ, ಐದು ದಿನ ಕಲಿತಿದ್ದೆಲ್ಲ ಗಾಳಿಗೆ ಹೋಯಿತು. ಆ ಮಾತಿಗೆ ಅದರದೇ ಗಂಟಲಿದೆ. ಅಕ್ಕನ ಸಾಲುಗಳು ಒಂದೊಂದೇ ಬಂದವು, ನೀರಿಗೆ ಮೇಲು ಕೀಳು ಬಂತು, ಕೊನೆಗೆ "ತೂಬು ತೆಗೆದ ಕೈ ಇದು, ಕಡಿಯುವುದಾದರೆ ಕಡಿಯಿರಿ" ಎಂದು ಬಲಗೈ ಮುಂದೆ ಚಾಚಿ ನಿಂತೆ.

ಇಲ್ಲಿ ನಮ್ಮ ಕಡೆಯ ಇನ್ನೊಂದು ಪದ್ಧತಿ ಹೇಳಬೇಕು. ದೊಡ್ಡ ಮಾತು ಮುಗಿದ ಮೇಲೆ ಚಪ್ಪಾಳೆಗೆ ಜಾಗ ಬಿಡಬೇಕು. ತಕ್ಷಣ ಕೈ ಇಳಿಸಿದರೆ ಜನರಿಗೆ ಮುಗಿಯಿತೋ ಇಲ್ಲವೋ ತಿಳಿಯುವುದಿಲ್ಲ. ಮನಸ್ಸಿನಲ್ಲೇ ಎಣಿಸುತ್ತಾ ಅಲುಗಾಡದೆ ನಿಲ್ಲಬೇಕು, ಚಪ್ಪಾಳೆ ಏರಿ ಇಳಿಯಲು ಶುರುವಾದಾಗ ಕೈ ಬಿಡಬೇಕು. ನಾನು ನಿಂತೆ. ಎಣಿಸಿದೆ. ಎಂಟಾಯಿತು, ಹತ್ತಾಯಿತು. ಒಂದು ಕೈಯೂ ತಟ್ಟಲಿಲ್ಲ. ಶಾಟಿನ ನಡುವೆ ಯಾರೂ ಸದ್ದು ಮಾಡಬಾರದು ಎಂದು ಹುಡುಗಿ ಮೊದಲೇ ಹೇಳಿದ್ದಳು, ನನಗೂ ಅದು ಗೊತ್ತಿತ್ತು. ಆದರೆ ಹನ್ನೊಂದು ವರ್ಷದ ಅಭ್ಯಾಸಕ್ಕೆ ಅದು ಗೊತ್ತಿರಬೇಕಲ್ಲ. ಕಟ್ಟೆಯ ಮೇಲಿನವರು ನನ್ನನ್ನೇ ನೋಡುತ್ತಾ ಕಲ್ಲಿನಂತೆ ಕೂತಿದ್ದರು. ಹುಡುಗಿ ಕಟ್ ಅನ್ನಲೊಲ್ಲಳು. ಚಾಚಿದ ಕೈ ನಿಧಾನಕ್ಕೆ ಸೋತು ಕೆಳಗೆ ಬಂತು.

ಶಾಟು ಮುಗಿದ ಮೇಲೂ ಯಾರೂ ಏನೂ ಅನ್ನಲಿಲ್ಲ. ನಾನು ತಡೆಯಲಾಗದೆ ಪಂಚರಲ್ಲೊಬ್ಬರಾಗಿ ಕೂತಿದ್ದ ಹಿರಿಯ ರೈತರನ್ನು ಕೇಳಿಯೇಬಿಟ್ಟೆ.

"ಹೆಂಗಿತ್ತು?"

"ಚೆನ್ನಾಗೇ ಮಾತಾಡಿದ್ರಿ ಬುಡವ್ವ," ಎಂದರು ಅವರು, ಟವಲಿನಿಂದ ಮುಖ ಒರೆಸಿಕೊಳ್ಳುತ್ತಾ. "ಆದ್ರೆ ಅಷ್ಟೊಂದು ಮಾತಾಡೋರು ಯಾರೂ ತೂಬಿಗೆ ಕೈ ಹಾಕಕ್ಕಿಲ್ಲ. ಕೈ ಹಾಕ್ದೋರು ಸುಮ್ಕಿರ್ತಾರೆ."

ಆ ದಿನ ಮಧ್ಯಾಹ್ನ ನಾನು ಯಾರ ಜೊತೆಯೂ ಊಟಕ್ಕೆ ಕೂರಲಿಲ್ಲ. ಒಂದು ಕಡೆ ಆ ಮನುಷ್ಯನ ಮೇಲೆ ಸಿಟ್ಟು, ಇನ್ನೊಂದು ಕಡೆ ಅವರು ಹೇಳಿದ್ದು ಹೌದೇನೋ ಎಂಬ ಸಂಕಟ. ಸಂಜೆ ಅಕ್ಕ ಫೋನ್ ಮಾಡಿ, ಮಾತಾಯಿತಾ ಎಂದಳು. ಆಯಿತು, ಒಂದಕ್ಷರ ಬಿಟ್ಟಿಲ್ಲ ಎಂದೆ.

ಎಡಿಟಿಂಗು ನಡೆದದ್ದು ತುಮಕೂರಿನ ಒಂದು ಸ್ಟುಡಿಯೋದಲ್ಲಿ. ಮದುವೆ ವಿಡಿಯೋ ಮಾಡಿಕೊಡುವ ಜಾಗ ಅದು. ಭಾನುವಾರ ಬೆಳಿಗ್ಗೆ ನಾನು ಹೋದಾಗ ಎಡಿಟರು ಯಾವುದೋ ಧಾರೆಯ ಹುಡುಗಿಯ ಕಣ್ಣೀರನ್ನು ಹಿಂದೆ ಮುಂದೆ ಓಡಿಸುತ್ತಾ ಕೂತಿದ್ದರು. ಅದನ್ನು ಪಕ್ಕಕ್ಕೆ ಸರಿಸಿ ನಮ್ಮದನ್ನು ಹಾಕಿದರು. ನಿರ್ದೇಶಕಿ ನನ್ನ ಪಕ್ಕದ ಸ್ಟೂಲಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದಳು. ಅವಳಿಗೂ ಭಯವಿದೆ ಎಂದು ಆಗ ಗೊತ್ತಾಯಿತು, ಸ್ವಲ್ಪ ಸಮಾಧಾನವೂ ಆಯಿತು.

ಮೊದಲು ಮಾತಿರುವುದು. ಪಂಚರ ಹಿರಿಯ "ತೂಬು ತೆಗೆದೋರು ಯಾರು?" ಎನ್ನುತ್ತಾನೆ. ನೀರುಗಂಟಿ ತಲೆ ತಗ್ಗಿಸುತ್ತಾನೆ. ನನ್ನ ಅಂಗೈ ಪರದೆಯ ತುಂಬ ಬರುತ್ತದೆ, ಗೆರೆಗೆರೆಯಲ್ಲಿ ಕಪ್ಪು ಗ್ರೀಸು. ಅಷ್ಟಾದ ಮೇಲೆ ನಾನು ಬಾಯಿ ತೆರೆದು ಒಂದೂವರೆ ಪುಟ ಹೇಳುತ್ತೇನೆ. ಕೆಟ್ಟದಾಗಿ ಹೇಳಿಲ್ಲ, ನನ್ನ ಬಗ್ಗೆ ನಾನೇ ಸುಳ್ಳು ಹೇಳುವುದಿಲ್ಲ. ಆದರೆ ಅಂಗೈ ನೋಡಿದ ಗಳಿಗೆಯಲ್ಲೇ ಎಲ್ಲ ಗೊತ್ತಾಗಿಬಿಟ್ಟಿದೆ. ಗೊತ್ತಿದ್ದವರಿಗೇ ನಾನು ಗಂಟಲು ಹರಿದುಕೊಂಡು ಹೇಳುತ್ತಿದ್ದೇನೆ, ಬಾಯಿ ಬೇರೆ ಬಾಗಿಲಷ್ಟು ದೊಡ್ಡದಾಗಿ ಕಾಣುತ್ತಿದೆ. ಕೂತಲ್ಲೇ ಒಂದು ಸಲ ಮಿಸುಕಾಡಿದೆ.

ಆಮೇಲೆ ಎರಡನೆಯದು. ಅದೇ ಪ್ರಶ್ನೆ, ಅದೇ ತಗ್ಗಿಸಿದ ತಲೆ. ಅಂಗೈ ಬಂತು, ಮುಚ್ಚಿಕೊಂಡಿತು, ಸೆರಗಿನ ಮರೆಗೆ ಹೋಯಿತು. ಜನರ ಗುಜುಗುಜು ಸಣ್ಣಗಾಗುತ್ತಾ ಹೋಗಿ ಪೂರ್ತಿ ನಿಂತಿತು, ಎಲ್ಲಿಂದಲೋ ಕಾಲುವೆಯ ನೀರಿನ ಸದ್ದು ಮಾತ್ರ ಉಳಿಯಿತು. ಪಂಚರ ಮುಖ ಒಂದೊಂದೇ ಬಂದು ಹೋದವು. ಒಬ್ಬರಿಗೆ ಅರ್ಥವಾಗುತ್ತದೆ, ಪಕ್ಕದವರನ್ನು ನೋಡುತ್ತಾರೆ. ನೀರುಗಂಟಿ ತಲೆ ಎತ್ತಿ ಹೆಂಡತಿಯನ್ನು ನೋಡುತ್ತಾನೆ. ಕಡೆಗೆ ನನ್ನ ಮುಖ, ಹಣೆಯಿಂದ ಗಲ್ಲದವರೆಗೆ, ಬೇರೇನೂ ಇಲ್ಲ.

ಆ ಮುಖ ಕಾಯುತ್ತಿತ್ತು. ಇಷ್ಟು ಜನರಲ್ಲಿ ಒಬ್ಬರಾದರೂ ನನ್ನ ಪರವಾಗಿ ಒಂದು ಸದ್ದು ಮಾಡಿ ಎಂದು ಕಾಯುತ್ತಿತ್ತು. ಕಣ್ಣು ಒಂದು ಸಲ ಎಡಕ್ಕೆ ಹೋಯಿತು, ಒಂದು ಸಲ ಬಲಕ್ಕೆ. ಮೊದಲು ಧೈರ್ಯವಿತ್ತು, ಆಮೇಲೆ ಆಸೆ, ಆಮೇಲೆ ಏನೂ ಬರುವುದಿಲ್ಲ ಎಂದು ಗೊತ್ತಾಗಿ ತುಟಿಯ ತುದಿ ಸಣ್ಣಗೆ ಕುಸಿಯಿತು. ಅಲ್ಲಿಗೆ ಕಟ್.  ಎಡಿಟರು ಕುರ್ಚಿ ತಿರುಗಿಸಿ, "ಅಕ್ಕಾ, ಇದೇನ್ ಮಾಡ್ಬಿಟ್ಟಿದೀರಿ," ಎಂದರು.

ನನಗೆ ಅವಮಾನವೋ ಸಂತೋಷವೋ ತಿಳಿಯಲಿಲ್ಲ. ಸುಳ್ಳು ಹೊಗಳಿಕೆ ನುಂಗಲಾರದೆ ಹೇಳಿಬಿಟ್ಟೆ.

"ನೋಡಿ, ಅದು ಆ್ಯಕ್ಟಿಂಗ್ ಅಲ್ಲ. ಮಾತು ಮುಗಿದ್ಮೇಲೆ ಚಪ್ಪಾಳೆಗೆ ಕಾಯ್ತಾ ನಿಂತಿದ್ದೆ. ಅಭ್ಯಾಸ. ಯಾರೂ ಹೊಡೀಲಿಲ್ಲ, ಅದಕ್ಕೆ ಮುಖ ಹಂಗಾಯ್ತು."

ನಿರ್ದೇಶಕಿ ಉಗುರು ಕಚ್ಚುವುದನ್ನು ನಿಲ್ಲಿಸಿದಳು. "ನಂಗೊತ್ತು ಮೇಡಂ. ಕುಣಿಗಲ್ ಸ್ಟೇಜಲ್ಲಿ ನೋಡಿದ್ನಲ್ಲ. ಅದಕ್ಕೇ ಕಟ್ ಹೇಳ್ಲಿಲ್ಲ."

"ಕಳ್ಳಿ ಕಣೆ ನೀನು," ಎಂದೆ.

"ಹೂಂ ಮೇಡಂ," ಎಂದಳು, ತಲೆ ತಗ್ಗಿಸಿ.

ಬೈಯಬೇಕು ಎಂದು ಬಾಯಿ ತೆರೆದವಳು ನಕ್ಕುಬಿಟ್ಟೆ. ಮಾತು ಹೇಳಿಸಿ, ಆ ಮಾತನ್ನೆಲ್ಲ ಬಿಸಾಕಿ, ಅದರ ಬಾಲದಲ್ಲಿದ್ದ ಹತ್ತೆಣಿಕೆಯನ್ನು ಎತ್ತಿಕೊಂಡಿದ್ದಳು. ಆ ಒಂದೂವರೆ ಪುಟ ಹೇಳದೇ ಹೋಗಿದ್ದರೆ ಆ ಮುಖ ಬರುತ್ತಲೇ ಇರಲಿಲ್ಲ ಎಂಬುದೂ ನನಗೆ ಕಂಡಿತು. ಇನ್ನೊಂದು ಸಲ ಹಾಕಿ ಎಂದೆ. ಮತ್ತೊಂದು ಸಲ ಹಾಕಿಸಿದೆ. ನಾಲ್ಕನೇ ಸಲ ನೋಡುವಾಗ ಆ ಹೆಂಗಸು ನಾನು ಎನ್ನುವುದೇ ಮರೆತುಹೋಗಿ, ಪಂಚರ ಮೇಲೆ ಸಿಟ್ಟು ಬಂತು.

ಆದರೆ ಅಕ್ಕ. ಕಾಜಾ ಹಾಕುತ್ತಾ ಹೇಳಿದ ಸಾಲುಗಳೆಲ್ಲ ಇನ್ನು ಎಲ್ಲಿರುತ್ತವೆ? ನನ್ನ ಗಂಟಲಿನಲ್ಲಿ ಇನ್ನೊಂದು ವರ್ಷ, ಆಮೇಲೆ ಎಲ್ಲೂ ಇಲ್ಲ. ಬೇಕು ಎಂದು ಒಂದು ಮಾತು ಹೇಳಿದರೆ ಸಾಕು, ಆ ಹುಡುಗಿ ಇಡುತ್ತಿದ್ದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ. ಅವಳೂ ಎಡಿಟರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೊರಗೆ ಆಟೋದವನೊಬ್ಬ ಹಾರ್ನ್ ಮಾಡುತ್ತಲೇ ಇದ್ದ.

"ಎರಡನೇದೇ ಇರ್ಲಿ," ಎಂದೆ. ಹೇಳಿದ ಮೇಲೆ ಮೆಟ್ಟಿಲಿಳಿದು ಕೆಳಗೆ ಬಂದು ಗೋಡೆ ಹಿಡಿದು ನಿಂತೆ. ಯಾರದೋ ಒಡವೆ ಕೇಳದೆ ಅಡ ಇಟ್ಟು ಬಂದಂತಾಗಿತ್ತು.

ಅಕ್ಕನಿಗೆ ಹೇಳಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎರಡು ತಿಂಗಳು ದಾಟಿತು. ವಾರಕ್ಕೆರಡು ಸಲ ಅವಳದೇ ಫೋನು.

"ಮಾತು ಚೆನ್ನಾಗಿ ಕೇಳ್ಸತ್ತೇನೆ?"

"ನೀನೇ ನೋಡ್ತೀಯಲ್ಲ," ಎನ್ನುತ್ತಿದ್ದೆ.

"ನಮ್ ಬೀದಿಯೋರೆಲ್ಲ ಬರ್ತಾವ್ರೆ ಕಣೆ. ಮಾತು ಬಂದಾಗ ಶಿಳ್ಳೆ ಹೊಡೀತಾರಂತೆ." ಹೇಳಿ ಅವಳು ನಗುತ್ತಿದ್ದಳು, ನಾನು ಈ ಕಡೆ ಬೇರೆ ವಿಷಯ ಎತ್ತುತ್ತಿದ್ದೆ. ಸತ್ಯ ಹೇಳಿಬಿಡು ಎಂದು ನನ್ನ ಗಂಡ ಹೇಳಿದರು. ಅವಳು ಬರುವುದೇ ಇಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ ನಾನು ಬಾಯಿ ಬಿಡಲಿಲ್ಲ.

ಮೊದಲ ಪ್ರದರ್ಶನ ಗುಬ್ಬಿಯಲ್ಲೇ ಆಯಿತು. ಒಂದು ಕಲ್ಯಾಣ ಮಂಟಪದ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಭಾನುವಾರ ಮಧ್ಯಾಹ್ನ ಮೂರಕ್ಕೆ. ಜನವೋ ಜನ. ನಾಟಕವನ್ನು ಹತ್ತು ಸಲ ನೋಡಿದವರು, ನನಗಿಂತ ಚೆನ್ನಾಗಿ ಮಾತು ಬಲ್ಲವರು. ಅಕ್ಕ ಹೊಸ ಸೀರೆಯುಟ್ಟು ಮೊದಲ ಸಾಲಿನಲ್ಲಿ, ತನ್ನ ಮಾಮೂಲಿ ಜಾಗದಲ್ಲಿ ಕೂತಿದ್ದಳು. ಪಕ್ಕದ ಕುರ್ಚಿಯನ್ನು ನನಗೆಂದು ಹಿಡಿದಿದ್ದಳು. ಕೆಲಸವಿದೆ ಎಂದು ಸುಳ್ಳು ಹೇಳಿ ನಾನು ಹಿಂದೆ ಬಾಗಿಲ ಹತ್ತಿರ ನಿಂತೆ.

ಸಿನಿಮಾ ಶುರುವಾಗಿದ್ದು ಗೊತ್ತು, ನನ್ನ ಬೆನ್ನು ಕಂಡಾಗ ಯಾರೋ ಹೋ ಎಂದಿದ್ದು ಗೊತ್ತು. ಆಮೇಲೆ ಪಂಚಾಯ್ತಿಯ ದೃಶ್ಯ. ತೂಬು ತೆಗೆದೋರು ಯಾರು ಎಂದು ಪಂಚರ ಹಿರಿಯ ಕೇಳಿದ. ಸಭೆಯಲ್ಲಿ ಸಡಗರ ಶುರುವಾಯಿತು, ಬಂತು ಬಂತು ಎಂದು ಒಬ್ಬರಿಗೊಬ್ಬರು ತಿವಿದುಕೊಂಡರು. ಅಂಗೈ ಬಂತು. ನೀರಿನ ಸದ್ದು ಬಂತು. ತಿವಿದುಕೊಳ್ಳುವುದು ನಿಂತಿತು. ಒಂದು ಕೆಮ್ಮು ಕೂಡ ಇಲ್ಲ. ನನ್ನ ಮುಖ ಬಂದು ಅವರೆಲ್ಲರ ಮುಂದೆ ಕಾಯುತ್ತಾ ನಿಂತಿತು, ಆ ಇಡೀ ಸಭೆ ಕಟ್ಟೆಯ ಮೇಲಿನ ಪಂಚರಂತೆಯೇ ಸುಮ್ಮನೆ ಕೂತಿತ್ತು. ಶಿಳ್ಳೆಯಿಲ್ಲ, ಚಪ್ಪಾಳೆಯಿಲ್ಲ. ಅಷ್ಟು ಜನರನ್ನು ಅಷ್ಟು ಗಟ್ಟಿಯಾಗಿ ನಾನು ಯಾವತ್ತೂ ಹಿಡಿದಿರಲಿಲ್ಲ. ಒಳಗೊಳಗೇ ಕುಣಿಯುವಂತಾಯಿತು. ಅದೇ ಹೊತ್ತಿಗೆ ಮೊದಲ ಸಾಲಿನ ಆ ಒಂದು ತಲೆಯ ಕಡೆ ನೋಡುವ ಧೈರ್ಯವಿರಲಿಲ್ಲ.

ಮುಗಿದ ಮೇಲೆ ಜನ ನನ್ನನ್ನು ಸುತ್ತಿಕೊಂಡರು. ಕಣ್ಣೊರೆಸಿಕೊಂಡವರಿದ್ದರು, ಕೈ ಹಿಡಿದು ಬಿಡದವರಿದ್ದರು. ಯಾರು ಏನೆಂದರೋ ಒಂದೂ ತಲೆಗೆ ಹೋಗಲಿಲ್ಲ. ಅಕ್ಕ ಗುಂಪು ಕರಗುವವರೆಗೂ ಕಾದು ನಿಧಾನಕ್ಕೆ ಬಂದಳು. ಮುಖ ಊದಿಕೊಂಡಿತ್ತು, ಅತ್ತಿದ್ದಳು. ನಾನು ತಪ್ಪೊಪ್ಪಿಕೊಳ್ಳಲು ಶುರುಮಾಡಿದೆ.

"ಅಕ್ಕ, ನಿಂಗೆ ಮೊದ್ಲೇ ಹೇಳ್ಬೇಕಿತ್ತು. ಆ ಮಾತು..."

"ಚೆನ್ನಾಗಿ ಹೇಳ್ದೆ ಕಣೆ," ಎಂದಳು ಅವಳು. ನನ್ನ ಎರಡೂ ಕೈ ಹಿಡಿದುಕೊಂಡಳು. "ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ಹೇಳಿರ್ಲಿಲ್ಲ. ಒಂದಕ್ಷರ ಬಿಡ್ದಂಗೆ ಹೇಳ್ಬಿಟ್ಟೆ."

ತಮಾಷೆ ಮಾಡುತ್ತಿದ್ದಾಳೆಯೇ ಎಂದು ಅವಳ ಮುಖ ನೋಡಿದೆ. ಇಲ್ಲ. ಪಕ್ಕದಲ್ಲಿದ್ದ ನಿರ್ದೇಶಕಿ ಏನೋ ಹೇಳಲು ಹೊರಟವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಪರದೆಯ ಮೇಲೆ ಆ ಮುಖ ನಿಂತಷ್ಟು ಹೊತ್ತೂ ಅವಳ ತುಟಿ ಎಂದಿನಂತೆ ಆಡಿರಬೇಕು.

ಅಕ್ಕ ಸೆರಗಿನಲ್ಲಿ ಮೂಗೊರೆಸಿಕೊಂಡು, ಎಂದಿನ ದನಿಗೆ ಬಂದಳು. "ಆದ್ರೆ ನೀರಿಗೆ ಮೇಲು ಕೀಳು ಕಲಿಸಿದವರು ಯಾರು ಅಂತೀಯಲ್ಲ, ಅಲ್ಲೊಂಚೂರು ಅವಸರ ಮಾಡ್ದೆ."

"ಹೂಂ ಅಕ್ಕ," ಎಂದೆ. "ಅಲ್ಲಿ ಅವಸರ ಆಯ್ತು."